ಎಂಟನೇ ದಿನ ಬಿಚ್ಚಿಕೊಂಡ ಹೊಲಿಗೆ: ದನಕ್ಕೆ, ನಾಯಿಗೆ ಯಾವ ದಾರ, ಯಾವ ಸೂಜಿ?

ಪ್ರಶ್ನೆ: ತಾಲ್ಲೂಕು ಪಶು ಆಸ್ಪತ್ರೆಗೆ ಸೇರಿ ಹೆಚ್ಚು ದಿನವಾಗಿಲ್ಲ. ಕಪಾಟಿನಲ್ಲಿರುವುದು 2ನೇ ನಂಬರಿನ ಕ್ರೋಮಿಕ್ ಕ್ಯಾಟ್‌ಗಟ್, ರೇಷ್ಮೆ ದಾರದ ರೀಲು ಮತ್ತು ದಾರ ಪೋಣಿಸಲು ಕಣ್ಣಿರುವ ಹಳೆಯ ಸೂಜಿಗಳ ಒಂದು ಡಬ್ಬಿ. ಈಚೆಗೆ ಮಿಶ್ರತಳಿ ಹಸುವೊಂದಕ್ಕೆ ಸಿಸೇರಿಯನ್ ಮಾಡಿದೆ. ಕರು ಸತ್ತಿತ್ತು, ಹಸು ಉಳಿಯಿತು. ಆದರೆ ಎಂಟನೇ ದಿನ ಪಕ್ಕೆಯ ಹೊಲಿಗೆ ಬಿಚ್ಚಿಕೊಂಡಿತು. ನಾಯಿಗಳ ಸಂತಾನಹರಣ, ಮೊಲೆತೊಟ್ಟಿನ ಸೀಳು, ಮೇಕೆಗಳ ಮೂತ್ರಕೋಶ, ಎಲ್ಲಕ್ಕೂ ಇವೇ ದಾರಗಳನ್ನು ಬಳಸುತ್ತಿದ್ದೇನೆ. ಹೊಸದಾಗಿ ತರಿಸಲು ಸ್ವಲ್ಪ ಹಣವಿದೆ. ಏನನ್ನು ತರಿಸಲಿ? ಮೀನಿನ ಗಾಳದ ನೈಲಾನ್ ದಾರವೂ ಆಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ: ಬಿಚ್ಚಿಕೊಂಡದ್ದು ಯಾವ ಪದರ ಎಂಬುದನ್ನು ನೀವು ಬರೆದಿಲ್ಲ. ಅರ್ಧ ಉತ್ತರ ಅಲ್ಲೇ ಇದೆ. ಚರ್ಮ ಮಾತ್ರ ಬಾಯಿ ಬಿಟ್ಟು, ಒಳಗಿನ ಮಾಂಸ ಗಟ್ಟಿಯಾಗಿ ಕೂಡಿಕೊಂಡಿದ್ದರೆ ಸಾಮಾನ್ಯವಾಗಿ ದಾರವನ್ನು ದೂರುವಂತಿಲ್ಲ. ಹೊಲಿಗೆಯನ್ನು ಅತಿಯಾಗಿ ಬಿಗಿದದ್ದೋ, ಗರ್ಭಕೋಶದಿಂದ ಚೆಲ್ಲಿದ ಕೊಳೆನೀರು ಗಾಯಕ್ಕೆ ತಾಗಿದ್ದೋ ಕಾರಣವಾಗಿರುತ್ತದೆ. ಸತ್ತ ಕರುವನ್ನು ತೆಗೆದ ಹಸುವಿನಲ್ಲಿ ಎರಡನೆಯದು ತೀರಾ ಸಾಮಾನ್ಯ. ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದಾಗ ಮಾಂಸದ ಪದರವೂ ಬಿಟ್ಟುಕೊಂಡಿರುವುದು ತಿಳಿದರೆ, ಆಗ ಕ್ಯಾಟ್‌ಗಟ್ಟನ್ನು ಅನುಮಾನಿಸಬೇಕು.

ಕ್ಯಾಟ್‌ಗಟ್ ಎಂದರೆ ಕುರಿ ಅಥವಾ ದನದ ಕರುಳಿನ ಪದರದಿಂದ ತೆಗೆದ ಕೊಲಾಜನ್. ರೋಗಿಯ ದೇಹ ಅದನ್ನು ಪರಕೀಯ ಮಾಂಸವೆಂದೇ ತಿಳಿಯುತ್ತದೆ. ಬಿಳಿ ರಕ್ತಕಣಗಳೂ ಅವು ಸುರಿಸುವ ಕಿಣ್ವಗಳೂ ಸೇರಿ ಅದನ್ನು ತಿಂದು ಮುಗಿಸುತ್ತವೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದರೆ ಆ ಕೆಲಸ ನಿಧಾನವಾಗುತ್ತದೆ, ಅಷ್ಟೆ. ಶುದ್ಧವಾದ ಗಾಯದಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಅದಕ್ಕೆ ಬಲವಿರುತ್ತದೆ. ಕೀವು ತುಂಬಿದ ಗಾಯದಲ್ಲಿ ಬಿಳಿ ರಕ್ತಕಣಗಳ ಸಂತೆಯೇ ನೆರೆದಿರುವುದರಿಂದ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ಎಲ್ಲಿ ಗಾಯ ಕೆಡುವ ಸಂಭವ ಹೆಚ್ಚೋ ಅಲ್ಲೇ ಕೈಕೊಡುವ ದಾರವಿದು. ಎಷ್ಟು ದಿನ ತಡೆಯುತ್ತದೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುವುದು ಇನ್ನೊಂದು ತೊಂದರೆ. ಹಾಗೆಂದು ಅದನ್ನು ಎಸೆಯಿರಿ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಗರ್ಭಕೋಶಕ್ಕೆ ಅದು ಇಂದಿಗೂ ಸಲ್ಲುವ ದಾರ. ಹೊಟ್ಟೆಯ ಗೋಡೆಗೆ ಅದನ್ನು ನೆಚ್ಚಿಕೊಳ್ಳುವುದು ಬೇಡ ಎಂದಷ್ಟೇ ನನ್ನ ಮಾತು.

ದಾರದ ಹೆಸರು ಆಮೇಲೆ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಅಂಗಾಂಶ ದಾರದ ಆಸರೆಯಿಲ್ಲದೆ ನಿಲ್ಲಲು ಎಷ್ಟು ದಿನ ಬೇಕು? ಅಷ್ಟು ದಿನವೂ ದಾರ ಯಾವುದರಲ್ಲಿ ನೆನೆದಿರುತ್ತದೆ: ರಕ್ತದಲ್ಲೋ, ಮೂತ್ರದಲ್ಲೋ, ಹಾಲಿನಲ್ಲೋ, ಕೀವಿನಲ್ಲೋ? ಈ ಎರಡಕ್ಕೂ ಉತ್ತರ ಸಿಕ್ಕರೆ ದಾರದ ಹೆಸರು ತಾನಾಗಿ ಹೊಳೆಯುತ್ತದೆ.

ದಿನಗಳ ಲೆಕ್ಕ ಹೀಗಿದೆ. ಗರ್ಭಕೋಶ, ರೂಮೆನ್ (ದನದ ಮೊದಲ ದೊಡ್ಡ ಹೊಟ್ಟೆ), ಮೂತ್ರಕೋಶ ಇವು ಅವಸರದ ಅಂಗಗಳು. ಮೂತ್ರಕೋಶವಂತೂ ಎರಡು ಮೂರು ವಾರದಲ್ಲಿ ಮೊದಲಿನ ಬಲವನ್ನು ಪೂರ್ತಿಯಾಗಿ ಪಡೆದುಬಿಡುತ್ತದೆ. ಕರುಳೂ ಬೇಗ ಕೂಡುತ್ತದೆ. ಆದರೆ ಮೂರನೇ ದಿನದಿಂದ ಐದನೇ ದಿನದವರೆಗೆ ಅದು ತೀರಾ ದುರ್ಬಲ, ಆಗ ಅದನ್ನು ಕಾಯುವುದು ದಾರ ಮಾತ್ರ. ಇವಕ್ಕೆ ಎದುರಾಗಿ ನಿಲ್ಲುವುದು ಹೊಟ್ಟೆಯ ನಡುಗೆರೆ, ಅಂದರೆ ಲೀನಿಯಾ ಆಲ್ಬಾ. ಆ ಬಿಳಿ ನಾರಿನ ಪದರ 20 ದಿನಕ್ಕೆ ತನ್ನ ಮೂಲ ಬಲದ ಸುಮಾರು ಐದನೇ ಒಂದು ಪಾಲನ್ನಷ್ಟೇ ಗಳಿಸಿರುತ್ತದೆ. ಅಷ್ಟರೊಳಗೆ ಕ್ಯಾಟ್‌ಗಟ್ಟಿನ ಬಲ ಮುಗಿದಿರುತ್ತದೆ. ನಡುಗೆರೆಯನ್ನು ಕ್ಯಾಟ್‌ಗಟ್ಟಿನಲ್ಲಿ ಹೊಲಿದ ನಾಯಿ ಹೊಟ್ಟೆ ಬಿಚ್ಚಿಕೊಂಡು ಮರಳಿ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ದಾರಗಳ ಕಡೆಯ ಲೆಕ್ಕವನ್ನೂ ನೋಡೋಣ. ಮಾರುಕಟ್ಟೆಯಲ್ಲಿ ವಿಕ್ರಿಲ್ ಮೊದಲಾದ ಹೆಸರುಗಳಲ್ಲಿ ಸಿಗುವ ಪಾಲಿಗ್ಲಾಕ್ಟಿನ್ ಹೆಣೆದ ದಾರ. ಎರಡನೇ ವಾರದ ಕೊನೆಗೆ ಅದರಲ್ಲಿ ಸುಮಾರು ಶೇ. 75ರಷ್ಟು ಬಲ ಉಳಿದಿರುತ್ತದೆ, ಮೂರನೇ ವಾರಕ್ಕೆ ಅರ್ಧ. ಎರಡು ತಿಂಗಳ ಆಸುಪಾಸಿನಲ್ಲಿ ದಾರವೇ ಮಾಯ. ಪಿಡಿಎಸ್ ಎಂದು ಕರೆಯುವ ಪಾಲಿಡಯಾಕ್ಸನೋನ್ ಒಂಟಿ ಎಳೆಯದು. ನಾಲ್ಕನೇ ವಾರಕ್ಕೂ ಸುಮಾರು ಅರ್ಧ ಬಲ ಉಳಿಸಿಕೊಂಡಿರುತ್ತದೆ, ಪೂರ್ತಿ ಕರಗಲು ಆರು ತಿಂಗಳು ಬೇಕು. ಮೋನೊಕ್ರಿಲ್ ಎನ್ನುವ ಪಾಲಿಗ್ಲೆಕ್ಯಾಪ್ರೋನ್ ಕೈಗೆ ಬಹಳ ಮೃದು. ಆದರೆ ಮೊದಲ ವಾರದಲ್ಲೇ ಹತ್ತಿರಹತ್ತಿರ ಅರ್ಧ ಬಲ ಕಳೆದುಕೊಳ್ಳುತ್ತದೆ. ಈ ಮೂರೂ ನೀರಿನ ಅಂಶದಿಂದ ಕರಗುತ್ತವೆಯೇ ಹೊರತು ಕ್ಯಾಟ್‌ಗಟ್ಟಿನಂತೆ ದೇಹದ ಜಗಳದಿಂದಲ್ಲ. ಆದ್ದರಿಂದಲೇ ಇವುಗಳ ದಿನಗಳನ್ನು ಮುಂಚೆಯೇ ಅಂದಾಜು ಮಾಡಬಹುದು, ಊತವೂ ಕಡಿಮೆ.

ಈಗ ನಿಮ್ಮ ಸಿಸೇರಿಯನ್‌ಗೆ ಬರೋಣ. ಗರ್ಭಕೋಶಕ್ಕೆ 2 ಅಥವಾ 3ನೇ ನಂಬರಿನ ಕ್ರೋಮಿಕ್ ಕ್ಯಾಟ್‌ಗಟ್ ಇಲ್ಲವೇ 2ನೇ ನಂಬರಿನ ಪಾಲಿಗ್ಲಾಕ್ಟಿನ್, ದೊಡ್ಡ ಅರೆವೃತ್ತದ ರೌಂಡ್ ಬಾಡಿ (ಅಂಚಿಲ್ಲದ ದುಂಡು ಮೈಯ) ಸೂಜಿ, ಒಳಮಡಿಸುವ ನಿರಂತರ ಹೊಲಿಗೆ. ಯುಟ್ರೆಕ್ಟ್ ವಿಧಾನದಲ್ಲಿ ಸೂಜಿಯನ್ನು ಓರೆಯಾಗಿ ಚುಚ್ಚಿ, ಮೊದಲ ಗಂಟನ್ನೂ ಕೊನೆಯ ಗಂಟನ್ನೂ ಮಡಿಕೆಯೊಳಗೆ ಹೂತುಹಾಕುತ್ತಾರೆ. ಹೊರಗೆ ಇಣುಕುವ ಗಂಟು, ದಾರದ ತುದಿ ಎಲ್ಲವೂ ಕರುಳಿಗೋ ಹೊಟ್ಟೆಯ ಗೋಡೆಗೋ ಗರ್ಭಕೋಶ ಅಂಟಿಕೊಳ್ಳಲು ನೆಪವಾಗುತ್ತವೆ. ಹಾಗೆ ಅಂಟಿಕೊಂಡ ಹಸು ಮತ್ತೆ ಗಬ್ಬ ನಿಲ್ಲುವುದು ಕಷ್ಟ. ನೈಲಾನ್, ರೇಷ್ಮೆ ಈ ಅಂಗದ ಹತ್ತಿರ ಸುಳಿಯಬಾರದು. ಮಾಸು ಬಿಡದೆ ಅಂಚಿಗೆ ಅಂಟಿಕೊಂಡಿದ್ದರೆ ಅದನ್ನು ಹೊಲಿಗೆಯಲ್ಲಿ ಸಿಲುಕಿಸಬೇಡಿ.

ಮಾಂಸದ ಪದರಗಳಲ್ಲಿ ನಿಮ್ಮ ಕ್ಯಾಟ್‌ಗಟ್ಟಿನ ಬದಲು 2ನೇ ನಂಬರಿನ ಪಾಲಿಗ್ಲಾಕ್ಟಿನ್ ಬರಲಿ. ಕರು ಕೊಳೆತಿತ್ತು, ಗಾಯ ಮಲಿನವಾಯಿತು ಎಂದು ಗೊತ್ತಿದ್ದರೆ ಪಾಲಿಡಯಾಕ್ಸನೋನ್ ಇನ್ನೂ ಒಳ್ಳೆಯದು. ಹೆಣೆದ ದಾರದ ಎಳೆಗಳ ಸಂದಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ, ಒಂಟಿ ಎಳೆಯಲ್ಲಿ ಅಡಗಲು ಜಾಗವಿಲ್ಲ. ನಿಂತ ಹಸುವಿನ ಪಕ್ಕೆಯ ಗಾಯಕ್ಕೆ ಒಂದು ಅನುಕೂಲವಿದೆ. ಕರುಳಿನ ಭಾರ ಅದರ ಮೇಲೆ ನೇರವಾಗಿ ಬೀಳುವುದಿಲ್ಲ, ಅಲ್ಲಿನ ಮಾಂಸಕ್ಕೆ ರಕ್ತಸಂಚಾರವೂ ಚೆನ್ನಾಗಿದೆ. ಹೀಗಾಗಿಯೇ ಕ್ಯಾಟ್‌ಗಟ್ಟಿನಲ್ಲಿ ಹೊಲಿದ ಎಷ್ಟೋ ಪಕ್ಕೆಗಳು ಏನೂ ಆಗದೆ ವಾಸಿಯಾಗಿವೆ, ಅದನ್ನೇ ನೋಡಿ ನಾವೆಲ್ಲ ಅದನ್ನು ನಂಬಿದ್ದೇವೆ. ಅದೇ ಹಸುವನ್ನು ಮಲಗಿಸಿ ಹೊಟ್ಟೆಯ ಕೆಳಭಾಗದಲ್ಲಿ ಕೊಯ್ದಿದ್ದರೆ ಆ ನಂಬಿಕೆ ಉಳಿಯುತ್ತಿರಲಿಲ್ಲ.

ಇಲ್ಲೊಂದು ಚಿಕ್ಕ ಲೆಕ್ಕವಿದೆ, ಬಹಳ ಜನ ಮಾಡುವುದಿಲ್ಲ. ನಿರಂತರ ಹೊಲಿಗೆಯಲ್ಲಿ ಗಾಯದ ಉದ್ದದ ಕನಿಷ್ಠ ನಾಲ್ಕು ಪಟ್ಟು ದಾರ ಖರ್ಚಾಗಬೇಕು. ಮನುಷ್ಯರ ಹೊಟ್ಟೆಯ ಹೊಲಿಗೆಗಳನ್ನು ಪರಿಶೀಲಿಸಿ ಶಸ್ತ್ರವೈದ್ಯ ಜೆಂಕಿನ್ಸ್ 1976ರಲ್ಲಿ ಮುಂದಿಟ್ಟ ಅನುಪಾತ ಇದು. ಪಕ್ಕೆಯಲ್ಲಿ 30 ಸೆಂಟಿಮೀಟರ್ ಕೊಯ್ದರೆ ಒಂದು ಪದರಕ್ಕೆ 120 ಸೆಂಟಿಮೀಟರ್, ಗಂಟುಗಳಿಗೆ ಇನ್ನಷ್ಟು. ದಾರ ಬರುವ ಮೊಹರಾದ ಪೊಟ್ಟಣ, ಅಂದರೆ ಫಾಯಿಲ್‌ನೊಳಗೆ ಸಾಮಾನ್ಯವಾಗಿ ಇರುವುದು 90 ಸೆಂಟಿಮೀಟರ್ ದಾರ. ಒಂದೇ ಫಾಯಿಲ್‌ನಲ್ಲಿ ಮುಗಿಸಬೇಕೆಂದು ಹೊರಟವರು ಏನು ಮಾಡುತ್ತಾರೆ? ಚುಚ್ಚುಗಳನ್ನು ದೂರದೂರ ಹಾಕುತ್ತಾರೆ, ಅಂಚಿಗೆ ಹತ್ತಿರ ಚುಚ್ಚುತ್ತಾರೆ, ದಾರವನ್ನು ಎಳೆದೆಳೆದು ಬಿಗಿಯುತ್ತಾರೆ. ಶಸ್ತ್ರಚಿಕಿತ್ಸೆಯ ಮರುದಿನ ಗಾಯ ಊದಿಕೊಂಡಾಗ ಬಿಗಿದ ದಾರ ಮಾಂಸವನ್ನು ಕೊಯ್ದುಕೊಂಡು ಹೊರಬರುತ್ತದೆ. ಬಿಚ್ಚಿಕೊಂಡ ಗಾಯದಲ್ಲಿ ದಾರವೂ ಗಂಟೂ ಇದ್ದ ಹಾಗೇ ಇದ್ದು ಮಾಂಸ ಮಾತ್ರ ಹರಿದಿದ್ದರೆ ನಡೆದದ್ದು ಇದೇ. ಎರಡನೇ ಫಾಯಿಲ್ ಒಡೆಯಲು ಹಿಂಜರಿಯಬೇಡಿ.

ಹಸುವಿನ ಚರ್ಮಕ್ಕೆ ದಪ್ಪ ನೈಲಾನ್, 2 ಅಥವಾ 3ನೇ ನಂಬರು, ಹರಿತವಾದ ಅಂಚಿನ ಕಟಿಂಗ್ ಸೂಜಿ. ಪ್ರತಿ ಸುತ್ತೂ ಹಿಂದಿನದಕ್ಕೆ ಕೊಂಡಿಯಾಗುವ ಫೋರ್ಡ್ ಇಂಟರ್‌ಲಾಕಿಂಗ್ ಹೊಲಿಗೆ ಬೇಗ ಮುಗಿಯುತ್ತದೆ. ಆದರೆ ಗಾಯದ ಕೆಳತುದಿಯಲ್ಲಿ ಅದನ್ನು ನಿಲ್ಲಿಸಿ, ಅಲ್ಲಿ ಎರಡು ಬಿಡಿ ಹೊಲಿಗೆ ಹಾಕಿ. ಐದಾರು ದಿನದ ಮೇಲೆ ಒಳಗೆ ನೀರು ಅಥವಾ ಕೀವು ತುಂಬಿದ್ದು ಕಂಡರೆ ಆ ಎರಡನ್ನಷ್ಟೇ ಕತ್ತರಿಸಿ ಹರಿಯಬಿಡಬಹುದು, ಮೇಲಿನ ಹೊಲಿಗೆ ಅಲುಗುವುದಿಲ್ಲ. ನಿಮ್ಮ ಹಸುವಿನಲ್ಲಿ ಚರ್ಮ ಮಾತ್ರ ಬಿಚ್ಚಿದ್ದಾದರೆ ಬಹುಶಃ ಈ ಎರಡು ಹೊಲಿಗೆ ಅದನ್ನು ತಪ್ಪಿಸುತ್ತಿತ್ತು. ಹೊಲಿಗೆ ತೆಗೆಯಲು ಎರಡು ವಾರ ಕಾಯಿರಿ, ಮೂರನೆಯ ವಾರವಾದರೂ ನಷ್ಟವಿಲ್ಲ. ನಾಯಿಗೆ 10ರಿಂದ 14 ದಿನ ಸಾಕು. ರೇಷ್ಮೆಯನ್ನು ಕೊಟ್ಟಿಗೆಯ ಪ್ರಾಣಿಯ ಚರ್ಮಕ್ಕೆ ಹಾಕಬೇಡಿ. ಅದು ದೀಪದ ಬತ್ತಿಯ ಹಾಗೆ ಸಗಣಿ, ಗಂಜಲದ ತೇವವನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಗಂಟು ಮಾತ್ರ ಅದರಷ್ಟು ಸೊಗಸಾಗಿ ಬೇರೆ ಯಾವ ದಾರದಲ್ಲೂ ಕೂರುವುದಿಲ್ಲ ಎಂಬುದು ನಿಜ. ರೀಲು ಮುಗಿಯುವವರೆಗೆ ಗಂಟು ಹಾಕುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ರೂಮೆನ್ ಕೊಯ್ದು ತೆರೆಯುವ ರೂಮೆನೊಟಮಿಗೂ ಇದೇ ಕ್ರಮ. ಪ್ಲಾಸ್ಟಿಕ್ ತಿಂದ ಹಸುಗಳ ಕಾಟ ನಿಮ್ಮ ಊರಿನಲ್ಲೂ ಇದ್ದೇ ಇರುತ್ತದೆ. ರೂಮೆನ್ನಿಗೆ ಒಳಮಡಿಸುವ ಎರಡು ಸಾಲು ಹೊಲಿಗೆ. ಅದು ಮುಗಿದ ಮೇಲೆ ಸೂಜಿ, ದಾರ, ಕೈಗವಸು, ಉಪಕರಣ ಎಲ್ಲವನ್ನೂ ಬದಲಿಸಿಯೇ ಮಾಂಸಕ್ಕೆ ಕೈ ಹಚ್ಚಬೇಕು. ರೂಮೆನ್ನಿನಲ್ಲಿ ಓಡಾಡಿದ ದಾರದ ಉಳಿದ ತುಂಡಿನಿಂದ ಮಾಂಸ ಹೊಲಿಯುವ ಉಳಿತಾಯ ಬಹಳ ದುಬಾರಿ.

ನೀವು ದಾರದ ಬಗ್ಗೆ ಐದು ಸಾಲು ಬರೆದು ಸೂಜಿಯನ್ನು ಒಂದು ಡಬ್ಬಿಯಲ್ಲಿ ಮುಗಿಸಿದ್ದೀರಿ. ಎಲ್ಲರೂ ಹಾಗೆಯೇ. ಆದರೆ ಅಂಗಾಂಶಕ್ಕೆ ಮೊದಲು ತಾಗುವುದು ಸೂಜಿ.

ಕಟಿಂಗ್ ಸೂಜಿಯನ್ನು ಬೆಳಕಿಗೆ ಹಿಡಿದು ತುದಿಯ ಕಡೆಯಿಂದ ನೋಡಿ, ಅಡ್ಡಕೊಯ್ತ ತ್ರಿಕೋನವಾಗಿರುತ್ತದೆ. ಮಾಮೂಲಿ ಕಟಿಂಗ್ ಸೂಜಿಯಲ್ಲಿ ತ್ರಿಕೋನದ ಒಂದು ಹರಿತವಾದ ಮೂಲೆ ಬಾಗಿನ ಒಳಬದಿಗೆ, ಅಂದರೆ ಗಾಯದ ಅಂಚಿನ ಕಡೆಗೆ ಇರುತ್ತದೆ. ಸೂಜಿ ದಾಟುವಾಗಲೇ ಅಂಚಿನತ್ತ ಒಂದು ಚಿಕ್ಕ ಸೀಳು ಬೀಳುತ್ತದೆ, ದಾರ ಬಿಗಿದಾಗ ಆ ಸೀಳಿನಲ್ಲಿಯೇ ಇಳಿಯುತ್ತದೆ. ರಿವರ್ಸ್ ಕಟಿಂಗ್ ಸೂಜಿಯಲ್ಲಿ ಆ ಮೂಲೆ ಹೊರಬದಿಗೆ ತಿರುಗಿರುತ್ತದೆ. ಗಾಯದ ಕಡೆಗೆ ಚಪ್ಪಟೆ ಬದಿ ಬರುವುದರಿಂದ ದಾರ ಆ ಚಪ್ಪಟೆ ಗೋಡೆಗೆ ಒರಗಿ ಕೂರುತ್ತದೆ. ಚರ್ಮಕ್ಕೆ ಆರಿಸುವುದಾದರೆ ರಿವರ್ಸ್ ಕಟಿಂಗನ್ನೇ ಆರಿಸಿ. ಫಾಯಿಲ್ ಮೇಲೆ ಇದರ ಗುರುತು ಇರುತ್ತದೆ: ತುದಿ ಮೇಲೆ ಮಾಡಿದ ತ್ರಿಕೋನವಾದರೆ ಮಾಮೂಲಿ ಕಟಿಂಗ್, ತುದಿ ಕೆಳಗೆ ಮಾಡಿದ್ದಾದರೆ ರಿವರ್ಸ್, ನಡುವೆ ಚುಕ್ಕೆಯಿರುವ ವೃತ್ತವಾದರೆ ರೌಂಡ್ ಬಾಡಿ. ಸೂಜಿಯ ಉದ್ದ ಮಿಲಿಮೀಟರಿನಲ್ಲಿ, ಬಾಗು ಅರೆವೃತ್ತವೋ ಎಂಟರಲ್ಲಿ ಮೂರು ಭಾಗವೋ ಎಂಬುದೂ ಅಲ್ಲೇ ಅಚ್ಚಾಗಿರುತ್ತದೆ. ಓದದೆ ಹರಿಯುವುದು ನಮ್ಮ ಅಭ್ಯಾಸ.

ರೌಂಡ್ ಬಾಡಿ ಸೂಜಿ ಕೊಯ್ಯುವುದಿಲ್ಲ, ನಾರುಗಳನ್ನು ಸರಿಸಿಕೊಂಡು ದಾಟುತ್ತದೆ. ಅದು ಹೋದ ಮೇಲೆ ನಾರುಗಳು ದಾರದ ಸುತ್ತ ಮತ್ತೆ ಮುಚ್ಚಿಕೊಳ್ಳುತ್ತವೆ. ಗರ್ಭಕೋಶ, ಕರುಳು, ಮೂತ್ರಕೋಶ, ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂ, ಮಾಂಸ ಇವಕ್ಕೆಲ್ಲ ಅದೇ. ನಂಬಿಕೆ ಬಾರದಿದ್ದರೆ ಕಸಾಯಿಖಾನೆಯಿಂದ ಒಂದು ಮೊಳ ಕರುಳು ತರಿಸಿ, ಎರಡು ಕಡೆ ಕೊಯ್ದು, ಒಂದನ್ನು ರೌಂಡ್ ಬಾಡಿಯಿಂದ, ಇನ್ನೊಂದನ್ನು ಕಟಿಂಗ್ ಸೂಜಿಯಿಂದ ಹೊಲಿದು ನೀರು ತುಂಬಿ ಹಿಂಡಿ. ಎಲ್ಲಿಂದ ಜಿನುಗುತ್ತದೆ ಎಂಬುದನ್ನು ಕಣ್ಣಾರೆ ಕಾಣಬಹುದು.

ಕಣ್ಣಿನ ಸೂಜಿಯ ದೋಷ ಅದರ ಕಣ್ಣಿನಲ್ಲಿಯೇ ಇದೆ. ಪೋಣಿಸಿದ ದಾರ ಮಡಿಚಿಕೊಂಡು ಎರಡೆಳೆಯಾಗಿ ದಾಟುತ್ತದೆ, ತೂತು ದಾರಕ್ಕಿಂತ ಬಹಳ ದೊಡ್ಡದಾಗುತ್ತದೆ. ಹಸುವಿನ ಚರ್ಮಕ್ಕೋ ಪಕ್ಕೆಯ ಮಾಂಸಕ್ಕೋ ಇದರಿಂದ ಬಾಧಕವಿಲ್ಲ. ಕರುಳು, ಮೂತ್ರಕೋಶ, ಮೊಲೆತೊಟ್ಟು, ಕಣ್ಣಿನ ರೆಪ್ಪೆ ಇಲ್ಲೆಲ್ಲ ದಾರವನ್ನು ಕಾರ್ಖಾನೆಯಲ್ಲೇ ಕೂಡಿಸಿದ ಸೂಜಿ ಬೇಕೇ ಬೇಕು. ನಿಮ್ಮ ಡಬ್ಬಿಯಲ್ಲಿರುವ ಸೂಜಿಗಳನ್ನು ಒಂದೊಂದಾಗಿ ಗಾಜ್ ಬಟ್ಟೆಯ ಮೂಲಕ ಹಾಯಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ತುದಿ ಮೊಂಡಾಗಿದೆ ಅಥವಾ ಮಡಿಚಿದೆ, ಎಸೆದುಬಿಡಿ. ಮೊಂಡು ಸೂಜಿಯನ್ನು ತಳ್ಳಲು ಹಾಕುವ ಬಲವೇ ಅಂಗಾಂಶವನ್ನು ಜಜ್ಜುತ್ತದೆ, ಅದೇ ಬಲ ಒಮ್ಮೊಮ್ಮೆ ನಿಮ್ಮ ಬೆರಳಿಗೂ ಚುಚ್ಚುತ್ತದೆ. ದನದ ಚರ್ಮ ಹೊಲಿಯುವಾಗ ಸೂಜಿಯನ್ನು ಬರಿಗೈಯಲ್ಲಿ ಹಿಡಿಯುವ ರೂಢಿ ನಮ್ಮಲ್ಲಿ ಬಹಳ. ಹೆರಿಗೆಯ ಹಸುವಿನ ಸ್ರಾವದಲ್ಲಿ ಬ್ರೂಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು ಎಂಬುದನ್ನು ಮರೆಯಬೇಡಿ. ಆ ರೋಗ ಹತ್ತಿಸಿಕೊಂಡು ತಿಂಗಳುಗಟ್ಟಲೆ ಜ್ವರ, ಕೀಲುನೋವಿನಲ್ಲಿ ನರಳಿದ ವೈದ್ಯರು ನಮ್ಮ ವೃತ್ತಿಯಲ್ಲಿ ಕಡಿಮೆಯೇನಿಲ್ಲ. ಸೂಜಿ ಹಿಡಿಯುವ ಇಕ್ಕಳ, ಗಟ್ಟಿಮುಟ್ಟಾದ ಮೇಯೋ ಹೆಗಾರ್ ನೀಡಲ್ ಹೋಲ್ಡರ್ ಒಂದನ್ನು ದಾರಕ್ಕಿಂತ ಮೊದಲು ತರಿಸಿ. ಕತ್ತರಿಯೂ ಸೇರಿರುವ ಓಲ್ಸನ್ ಹೆಗಾರ್ ಒಬ್ಬರೇ ಕೆಲಸ ಮಾಡುವಾಗ ಅನುಕೂಲ. ಆದರೆ ಕೈ ಪಳಗುವವರೆಗೆ ಬೇಡದ ಹೊತ್ತಿನಲ್ಲಿ ದಾರವನ್ನು ಕತ್ತರಿಸಿಬಿಡುತ್ತದೆ. ಸೂಜಿಯನ್ನು ಹಿಡಿಯಬೇಕಾದದ್ದು ನಡುವಿಗಿಂತ ತುಸು ಹಿಂದೆ. ದಾರ ಕೂಡಿಸಿದ ಬುಡ ಟೊಳ್ಳು, ಅಲ್ಲಿ ಹಿಡಿದರೆ ಮುರಿಯುತ್ತದೆ.

ಮೊಲೆತೊಟ್ಟಿನ ಸೀಳಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮುಳ್ಳುತಂತಿ ತಾಗಿಯೋ, ಹಸು ಏಳುವಾಗ ತನ್ನ ಗೊರಸನ್ನೇ ಇಟ್ಟುಕೊಂಡೋ ಸೀಳಿ, ಹಾಲು ಪಕ್ಕದಿಂದ ಹರಿಯುತ್ತಿರುವ ತೊಟ್ಟು ರೈತನ ಪಾಲಿಗೆ ಸಂಸಾರದ ಪ್ರಶ್ನೆ. ಇಲ್ಲಿ ಕ್ಯಾಟ್‌ಗಟ್ ಹಾಕಿದರೆ ಅದು ಎಬ್ಬಿಸುವ ಊತ, ಗಡ್ಡೆಯಂಥ ಮಾಂಸ ಹಾಲಿನ ನಾಳವನ್ನೇ ಮುಚ್ಚಿಬಿಡಬಹುದು. ತೊಟ್ಟು ಉಳಿದರೂ ಹಾಲು ಇಳಿಯುವುದಿಲ್ಲ. ತೊಟ್ಟಿನ ಬುಡಕ್ಕೆ ಉಂಗುರದಂತೆ ಮರಗಟ್ಟಿಸುವ ಲಿಗ್ನೋಕೇನ್ ಕೊಟ್ಟು, ಸೀಳಿದ ಅಂಚನ್ನು ಅಗತ್ಯವಿದ್ದಷ್ಟೇ ತೆಳ್ಳಗೆ ಸವರಿ, ಮೂರು ಪದರಗಳಲ್ಲಿ ಮುಚ್ಚಿ. ಒಳಪದರಕ್ಕೆ 4-0 ಪಾಲಿಗ್ಲಾಕ್ಟಿನ್ ಅಥವಾ ಪಾಲಿಡಯಾಕ್ಸನೋನ್ (ಸೊನ್ನೆಯ ಹಿಂದಿನ ಅಂಕಿ ಹೆಚ್ಚಿದಷ್ಟೂ ದಾರ ತೆಳ್ಳಗೆ), ಚಿಕ್ಕ ರೌಂಡ್ ಬಾಡಿ ಸೂಜಿ. ಲೋಳೆಪೊರೆಯ ಕೆಳಗಿನ ಪದರವನ್ನು ಹಿಡಿಯಬೇಕು, ಲೋಳೆಪೊರೆಯನ್ನು ತೂರಿ ದಾರ ನಾಳದೊಳಕ್ಕೆ ಇಣುಕಬಾರದು. ಇಣುಕಿದ ದಾರದ ಗುಂಟ ಹಾಲು ಹೊರಕ್ಕೆ ಜಿನುಗುತ್ತದೆ, ಆ ಜಿನುಗೇ ಮತ್ತೆ ತೂತಾಗುತ್ತದೆ. ಒಳಪದರ ಮುಗಿದೊಡನೆ ಕೆಚ್ಚಲಿನಿಂದ ಹಾಲನ್ನು ತೊಟ್ಟಿಗೆ ಇಳಿಸಿ ಮೆಲ್ಲಗೆ ಒತ್ತಿ ನೋಡಿ. ಒಂದು ಹನಿ ಕಂಡರೂ ಅಲ್ಲಿಗೆ ಇನ್ನೊಂದು ಹೊಲಿಗೆ ಹಾಕಿಯೇ ಮುಂದಕ್ಕೆ ಹೋಗಿ. ನಡುವಿನ ಪದರಕ್ಕೂ ಅದೇ ದಾರ. ಚರ್ಮಕ್ಕೆ 3-0 ನೈಲಾನ್ ಅಥವಾ ಅದರಂತೆಯೇ ಕರಗದ ಪಾಲಿಪ್ರೊಪಿಲೀನ್, ಬಿಡಿ ಹೊಲಿಗೆ, ಗಂಟು ಗಾಯದ ಮೇಲೆ ಬಾರದೆ ಪಕ್ಕಕ್ಕೆ ಇರಲಿ. ಹತ್ತನೇ ದಿನದ ಸುಮಾರಿಗೆ ತೆಗೆಯಿರಿ. ಅಷ್ಟು ದಿನ ಆ ತೊಟ್ಟನ್ನು ಕೈಯಲ್ಲಿ ಹಿಂಡಬಾರದು, ಶುದ್ಧ ಮಾಡಿದ ನಳಿಗೆಯಿಂದ ಹಾಲು ಇಳಿಸಬೇಕು. ರೈತನಿಗೆ ಇದನ್ನು ಎರಡು ಸಲ ಹೇಳಿ, ಹಾಲು ಕರೆಯುವವರು ಮನೆಯಲ್ಲಿ ಬೇರೆಯವರಾಗಿರುತ್ತಾರೆ. ಹಳೆಯ ತೂತಾದರೆ, ಊತ ಇಳಿದು ಹಸು ಬತ್ತುವವರೆಗೆ ಕಾಯುವುದೇ ಮೇಲು.

ಮೇಕೆ, ಹೋರಿಗಳಲ್ಲಿ ಕಲ್ಲು ಸಿಲುಕಿ ಮೂತ್ರ ಕಟ್ಟಿ, ಮೂತ್ರಕೋಶ ತೆರೆಯಬೇಕಾಗಿ ಬಂದಾಗ ಒಂಟಿ ಎಳೆಯ ಕರಗುವ ದಾರ, ಅಂದರೆ ಪಾಲಿಡಯಾಕ್ಸನೋನ್ ಅಥವಾ ಪಾಲಿಗ್ಲೆಕ್ಯಾಪ್ರೋನ್. ಮೇಕೆಗೆ 3-0 ಸಾಕು. ರೇಷ್ಮೆಯನ್ನೋ ನೈಲಾನನ್ನೋ ಮೂತ್ರಕ್ಕೆ ತಾಗುವಂತೆ ಬಿಟ್ಟರೆ ಅದರ ಸುತ್ತಲೇ ಹೊಸ ಕಲ್ಲು ಕಟ್ಟುತ್ತದೆ. ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾ ಸೇರಿ ಕ್ಷಾರವಾದ ಮೂತ್ರದಲ್ಲಿ ಕರಗುವ ದಾರಗಳೆಲ್ಲವೂ ಅವಧಿಗೆ ಮುಂಚೆ ಸೋಲುತ್ತವೆ. ಅಲ್ಲಿ ಆ್ಯಂಟಿಬಯಾಟಿಕ್ಕೇ ದಾರವನ್ನು ಕಾಯಬೇಕು.

ಮೈ, ಅಂದರೆ ಯೋನಿ, ಹೊರಬರುವ ಹಸು, ಎಮ್ಮೆಗೆ ಯೋನಿದ್ವಾರದ ಸುತ್ತ ಹಾಕುವ ಹೊಲಿಗೆಗೆ ಅಗಲವಾದ ಟೇಪ್ ಮತ್ತು ಉದ್ದನೆಯ ಬ್ಯೂನರ್ ಸೂಜಿ. ತೆಳ್ಳಗಿನ ಯಾವ ದಾರವೂ ಮುಕ್ಕರಿಕೆಗೆ ಮಾಂಸವನ್ನು ಕೊಯ್ದುಬಿಡುತ್ತದೆ.

ನಾಯಿಗಳ ಸಂತಾನಹರಣದಲ್ಲಿ ಮೂರು ಜಾಗಗಳಿವೆ, ಮೂರಕ್ಕೂ ಬೇರೆ ಬೇರೆ ನ್ಯಾಯ. ಅಂಡಾಶಯದ ರಕ್ತನಾಳದ ಗೊಂಚಲಿಗೆ 2-0 ಅಥವಾ 0 ಪಾಲಿಗ್ಲಾಕ್ಟಿನ್, ಎರಡು ಸುತ್ತು ಹಾಕಿ ಜಾರದಂತೆ ಕಟ್ಟುವ ಮಿಲ್ಲರ್ ಗಂಟು. ಕ್ಯಾಟ್‌ಗಟ್ ಒದ್ದೆಯಾದಾಗ ಉಬ್ಬಿ ಗಂಟು ಸಡಿಲವಾಗುತ್ತದೆ. ಕೊಬ್ಬಿದ ನಾಯಿಯಲ್ಲಿ ಆ ಸಡಿಲವೇ ಪ್ರಾಣಕ್ಕೆ ಬರುತ್ತದೆ. ಕ್ಯಾಟ್‌ಗಟ್ಟನ್ನೇ ಕಟ್ಟಬೇಕಾಗಿ ಬಂದರೆ ತುದಿಗಳನ್ನು ಅರ್ಧ ಸೆಂಟಿಮೀಟರಿನಷ್ಟು ಉದ್ದ ಬಿಡಿ. ಕರಗದ ಹೆಣೆದ ದಾರವನ್ನಾಗಲಿ, ಕೆಲವರು ಬಳಸುವ ಪ್ಲಾಸ್ಟಿಕ್ ಕೇಬಲ್ ಟೈಯನ್ನಾಗಲಿ ಅಲ್ಲಿ ಬಿಡಬೇಡಿ. ತಿಂಗಳುಗಳ ನಂತರ ಪಕ್ಕೆಯಲ್ಲಿ ಕೀವು ಸೋರುವ ತೂತಾಗಿ ಅದು ಮತ್ತೆ ಕಾಣಿಸಿಕೊಳ್ಳಬಹುದು. ಎರಡನೆಯದು ನಡುಗೆರೆ. ಪಾಲಿಡಯಾಕ್ಸನೋನ್ ಹಾಕಬೇಕು, ಸಿಗದಿದ್ದರೆ ಪಾಲಿಗ್ಲಾಕ್ಟಿನ್. ಐದು ಕಿಲೋದೊಳಗಿನ ಪ್ರಾಣಿಗೆ 3-0, ಮಧ್ಯಮ ಗಾತ್ರಕ್ಕೆ 2-0, ದೊಡ್ಡದಕ್ಕೆ 0. ಬಲವಿರುವುದು ಹೊರಗಿನ ಬಿಳಿ ಪೊರೆಯಲ್ಲಿ. ಅದನ್ನು ಹಿಡಿಯದೆ ಕೊಬ್ಬನ್ನೂ ಮಾಂಸವನ್ನೂ ಸೇರಿಸಿ ಹೊಲಿದರೆ ಎಂಥ ದಾರವೂ ಕಾಪಾಡದು. ಮೂರನೆಯದು ಚರ್ಮ. ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂದು ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಬಿಟ್ಟ ಮೇಲೆ ಹೊಲಿಗೆ ತೆಗೆಯಲು ಅದನ್ನು ಮತ್ತೆ ಹಿಡಿಯುವವರು ಯಾರು? ಆದ್ದರಿಂದ ಚರ್ಮದ ಒಳಪದರದಲ್ಲೇ ಹಾಯುವ ಹೊಲಿಗೆ, 3-0 ಪಾಲಿಗ್ಲೆಕ್ಯಾಪ್ರೋನ್, ಗಂಟು ಒಳಗೆ ಹೂತಿರಬೇಕು. ಹೊರಗೆ ದಾರವೇ ಕಾಣದಿದ್ದರೆ ನಾಯಿಗೆ ಎಳೆದು ಕೀಳಲು ಏನೂ ಸಿಗುವುದಿಲ್ಲ.

ನಂಬರುಗಳಲ್ಲಿ ಒಂದು ತಂಟೆಯಿದೆ. 2-0 ಎಂದು ಬರೆದಿದ್ದರೂ ಕ್ಯಾಟ್‌ಗಟ್ ಅದೇ ನಂಬರಿನ ಕೃತಕ ದಾರಕ್ಕಿಂತ ದಪ್ಪ. ಕೃತಕ ದಾರದ 2-0 ಸುಮಾರು 0.3 ಮಿಲಿಮೀಟರ್. ಅಷ್ಟೇ ದಪ್ಪದ ಕ್ಯಾಟ್‌ಗಟ್ 3-0 ಎಂಬ ಹೆಸರಿನಲ್ಲಿ ಬರುತ್ತದೆ. ಕ್ಯಾಟ್‌ಗಟ್ಟಿನಿಂದ ಬದಲಾಗುವವರು ಕಣ್ಣಿಗೆ ತೆಳ್ಳಗೆ ಕಂಡಿತೆಂದು ಒಂದು ನಂಬರು ದಪ್ಪದ್ದನ್ನು ಎತ್ತಿಕೊಳ್ಳುತ್ತಾರೆ. ಅಗತ್ಯವಿಲ್ಲ. ದಪ್ಪ ದಾರ ಎಂದರೆ ದಪ್ಪ ಗಂಟು, ಗಾಯದಲ್ಲಿ ಅಷ್ಟು ಹೆಚ್ಚು ಪರಕೀಯ ವಸ್ತು.

ಗಂಟಿನ ಮಾತು ಬಂದದ್ದರಿಂದ: ಯಾವ ದಾರವಾದರೂ ಮೊದಲು ಸೋಲುವುದು ಗಂಟಿನಲ್ಲಿ. ಪಾಲಿಗ್ಲಾಕ್ಟಿನ್‌ಗೆ ಮೂರು ನಾಲ್ಕು ಸುತ್ತು ಸಾಕು, ನುಣುಪಾದ ನೈಲಾನ್, ಪಾಲಿಡಯಾಕ್ಸನೋನ್‌ಗೆ ನಾಲ್ಕೈದು ಬೇಕು. ನಿರಂತರ ಹೊಲಿಗೆಯ ಮೊದಲ ಗಂಟಿಗೆ ಐದು, ಕೊನೆಯ ಗಂಟನ್ನು ಮಡಿಚಿದ ಕುಣಿಕೆಗೆ ಕಟ್ಟುವುದರಿಂದ ಅದಕ್ಕೆ ಆರೇಳು. ಪ್ರತಿ ಸುತ್ತಿಗೂ ಕೈ ಅದಲುಬದಲಾಗಬೇಕು, ಇಲ್ಲದಿದ್ದರೆ ಎಷ್ಟು ಸುತ್ತು ಹಾಕಿದರೂ ಜಾರುವ ಗಂಟೇ. ನೀಡಲ್ ಹೋಲ್ಡರಿನ ಬಾಯಿಯಿಂದ ದಾರವನ್ನು ಕಚ್ಚುವುದಾದರೆ ಕತ್ತರಿಸಿ ಎಸೆಯುವ ತುದಿಯನ್ನು ಮಾತ್ರ ಕಚ್ಚಿ. ಕಚ್ಚಿದ ಜಾಗದಲ್ಲಿ ನೈಲಾನ್ ಜಜ್ಜಿಹೋಗಿ ಅಲ್ಲೇ ತುಂಡಾಗುತ್ತದೆ.

ಇನ್ನು ತರಿಸುವ ಪಟ್ಟಿ. ಪಶುಗಳಿಗೆಂದೇ ಬೇರೆ ದಾರ ಹುಡುಕಬೇಕಾಗಿಲ್ಲ, ಮನುಷ್ಯರ ಆಸ್ಪತ್ರೆಗಳಿಗೆ ಕೊಡುವ ಸರ್ಜಿಕಲ್ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಮೊದಲು ಪಾಲಿಗ್ಲಾಕ್ಟಿನ್ 2ನೇ ನಂಬರು, ದೊಡ್ಡ ರೌಂಡ್ ಬಾಡಿ ಸೂಜಿಯದು. ಜೊತೆಗೆ 2-0 ಪಾಲಿಗ್ಲಾಕ್ಟಿನ್. ಪಾಲಿಡಯಾಕ್ಸನೋನ್ ಬೆಲೆ ಹೆಚ್ಚು. ಅದರಲ್ಲಿ 2-0, 3-0 ಒಂದೊಂದು ಪೆಟ್ಟಿಗೆ ಸಾಕು, ನಾಯಿಯ ನಡುಗೆರೆಗೂ ಮೂತ್ರಕೋಶಕ್ಕೂ ಮೀಸಲಿಡಿ. ಮೊಲೆತೊಟ್ಟಿಗೆಂದು 4-0 ಪಾಲಿಗ್ಲಾಕ್ಟಿನ್ ಕೆಲವೇ ಫಾಯಿಲ್. ಬೀದಿ ನಾಯಿಗಳ ಕೆಲಸ ಹೆಚ್ಚಿದ್ದರೆ 3-0 ಪಾಲಿಗ್ಲೆಕ್ಯಾಪ್ರೋನ್. ಉಳಿತಾಯ ಮಾಡಬೇಕಾದ ಜಾಗ ಚರ್ಮ: ನೈಲಾನ್ ರೀಲು ಅಗ್ಗ, ಒಂದೆರಡು ಸಲ ಆಟೋಕ್ಲೇವ್ ಮಾಡಿದರೂ (ಒತ್ತಡದ ಬಿಸಿ ಆವಿಯಲ್ಲಿ ಶುದ್ಧಗೊಳಿಸಿದರೂ) ತಡೆಯುತ್ತದೆ. ಪಾಲಿಗ್ಲಾಕ್ಟಿನ್, ಪಾಲಿಡಯಾಕ್ಸನೋನ್ ಆಟೋಕ್ಲೇವಿಗೆ ಹೋದರೆ ಮುಗಿಯಿತು, ಬಿಸಿ ಆವಿಯೇ ಅವುಗಳನ್ನು ಹಾಳುಮಾಡುತ್ತದೆ. ಒಡೆದ ಫಾಯಿಲ್‌ನಲ್ಲಿ ಉಳಿದದ್ದನ್ನು ಎತ್ತಿಡುವಂತಿಲ್ಲ. ಕ್ಯಾಟ್‌ಗಟ್ಟನ್ನು ಕುದಿಸಿದರೆ ಕೊಲಾಜನ್ ಕರಗಿ ಗೋಂದಾಗುತ್ತದೆ. ಅದು ಬರುವ ಸ್ಪಿರಿಟ್ ವಾಸನೆಯ ದ್ರವದಿಂದ ತೆಗೆದ ಕೂಡಲೇ ಬಳಸಿ, ಒಣಗಲೂ ಬಿಡಬೇಡಿ, ಸಲೈನಿನಲ್ಲಿ ನೆನೆಸಲೂ ಬೇಡಿ. ಬೇಸಿಗೆಯಲ್ಲಿ ಈ ಪೆಟ್ಟಿಗೆಗಳನ್ನು ಜೀಪಿನಲ್ಲಿ ಬಿಟ್ಟು ಊರೂರು ಸುತ್ತಬೇಡಿ.

ಗಾಳದ ದಾರದ ವಿಷಯ. ನಿಮ್ಮ ಹಿರಿಯರು ಹೇಳಿದ್ದು ಗಾಳಿಮಾತಲ್ಲ. ಅದೂ ಒಂಟಿ ಎಳೆಯ ನೈಲಾನೇ. ನಾಯಿಗಳ ಮೊಣಕಾಲಿನ ಅಸ್ಥಿರಜ್ಜು ಹರಿದಾಗ ಹೊರಗಿನಿಂದ ಆಸರೆ ಕೊಡಲು ದಪ್ಪ ನೈಲಾನ್ ಲೀಡರ್ ದಾರವನ್ನು ಹೊರದೇಶಗಳಲ್ಲೂ ಬಳಸುತ್ತಾರೆ. ದನದ ಚರ್ಮಕ್ಕೆ, ಬೇರೆ ದಾರವಿಲ್ಲದ ಹೊತ್ತಿನಲ್ಲಿ, ಚೆನ್ನಾಗಿ ತೊಳೆದು ಆಟೋಕ್ಲೇವ್ ಮಾಡಿ ಹಾಕಬಹುದು. ಬಣ್ಣ ಹಾಕದ್ದನ್ನು, ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ್ದನ್ನು ಆರಿಸಿ, ಗಂಟಿಗೆ ಒಂದು ಸುತ್ತು ಹೆಚ್ಚು ಹಾಕಿ, ಹದಿನಾಲ್ಕನೇ ದಿನ ತೆಗೆದುಬಿಡಿ. ಹೊಟ್ಟೆಯೊಳಗೆ ಬೇಡ.